ಕನ್ನಡಿ ಕೇಳದ ಹುಡುಗಿ

ಅಂಗಳದಲ್ಲಿ ಖತೀಜಮ್ಮನ ಬಳೆಯ ಸದ್ದು ಕೇಳಿದೊಡನೆ ಸುಹರಾ ತಲೆಯ ಬಟ್ಟೆಯನ್ನು ಹಣೆಯವರೆಗೆ ಎಳೆದುಕೊಂಡಳು. ಈ ಹೆಂಗಸು ಇವತ್ತು ಒಪ್ಪಿದರೆ ಅವರ ಮಗ ನೂರ್ ಮುಹಮ್ಮದನೊಂದಿಗೆ ನಿಕಾಹ್. ಇಲ್ಲವಾದರೆ ಈ ಚಾಪೆಯೇ ಗತಿ.

ಐವತ್ತೆಂಟರ ಆ ಬೇಸಗೆಯಲ್ಲಿ ಕುದ್ರೋಳಿಯ ಓಣಿಗೆ ಸಿಡುಬು ಬಂದಿತ್ತು. ಪಕ್ಕದ ಮನೆಯಿಂದ ಇಬ್ಬರನ್ನು ಹೊತ್ತುಕೊಂಡು ಹೋದರು. ಈ ಮನೆಯಿಂದ ಅವಳ ತಮ್ಮನನ್ನು. ಸುಹರಾ ಉಳಿದಳು. ಉಳಿದದ್ದೇ ಒಂದು ದೊಡ್ಡ ಕೆಲಸ ಮಾಡಿದಂತೆ ದಣಿದಿದ್ದಳು. ಗಂಜಿ ನುಂಗುವುದಕ್ಕೂ ಆಯಾಸ. "ಬೆಳಕು ಚುಚ್ಚುತ್ತದೆ, ಕಿಟಕಿ ಮುಚ್ಚು ಉಮ್ಮಾ" ಎನ್ನುವಳು. ತಾಯಿ ಹವ್ವಮ್ಮ ಮುಚ್ಚುವಳು.

ಬಾಗಿಲ ಪಕ್ಕದ ಗೋಡೆಯಲ್ಲಿ ಕನ್ನಡಿ. ಅದರ ಬದಿಯಲ್ಲಿ ಅಜ್ಜ ಹಜ್‌ನಿಂದ ತಂದ ಕಾಬಾದ ಚಿತ್ರ. ಎರಡಕ್ಕೂ ಒಬ್ಬನೇ ಬಡಗಿ ಹಾಕಿದ ಚೌಕಟ್ಟು. ಹವ್ವಮ್ಮ ದಿನವೂ ಎರಡರ ಗಾಜನ್ನೂ ಒರೆಸುವಳು, ಮಗಳು ಎಂದಾದರೂ ಎದ್ದು ಮುಖ ನೋಡಿಕೊಂಡಾಳೆಂದು ಹೆದರುತ್ತಾ.

ಖತೀಜಮ್ಮ ಮಾತಾಡುತ್ತಲೇ ಕಿಟಕಿ ತಳ್ಳಿದರು. ಬಿಸಿಲು ಸೀದಾ ಸುಹರಾಳ ಮುಖಕ್ಕೆ ಬಿತ್ತು. ಅವಳು ಅಲುಗಲಿಲ್ಲ.

"ಕಲೆ ಉಂಟು. ಇರಲಿ ಮಾರಾಯ್ತಿ. ನಮ್ಮ ನೂರ್ ಎಂತ ಮಹಾ ಚಂದವಾ? ಅವನ ಮೂಗು ನೋಡಿದ್ದೀರಲ್ಲ! ನನಗೆ ಬೇಕಾದದ್ದು ಅಂಗಡಿಗೆ ಟೊಪ್ಪಿ ಹೊಲಿಯುವ ಕೈ. ಇವಳ ಹೂವಿನ ಹೊಲಿಗೆ ಬಂದರಿನಲ್ಲೆಲ್ಲ ಹೆಸರಾದದ್ದು."

"ಕಾಯಿಲೆ ಬಿಟ್ಟ ಮೇಲೆ ಸೂಜಿ ಮುಟ್ಟಿಲ್ಲ. ಸುಸ್ತು," ಎಂದಳು ಹವ್ವಮ್ಮ. "ಕನ್ನಡಿಯನ್ನೂ ಕೇಳಿಲ್ಲ. ಹೆದರಿಕೆ."

"ಒಮ್ಮೆಯೂ ಕೇಳಿಲ್ಲವಾ?"

"ಒಮ್ಮೆಯೂ ಇಲ್ಲ."

ಖತೀಜಮ್ಮ ಗೋಡೆಯತ್ತ ತಿರುಗಿದರು. "ನೀವು ಚಾ ಮಾಡಿ ಹವ್ವಮ್ಮ," ಎಂದರು.

ಮೊಳೆಯಿಂದ ಚೌಕಟ್ಟು ಕಳಚಿದ ಸದ್ದು. ಅದನ್ನು ತಲೆವಸ್ತ್ರದ ತುದಿಯಿಂದ ಒರೆಸಿ ಸುಹರಾಳ ಕೈಗಿಟ್ಟರು.

"ನೋಡು ಮಗಳೇ. ಹೆದರಬೇಡ. ಹೇಗುಂಟು, ನೀನೇ ಹೇಳು."

ಸುಹರಾ ತಣ್ಣಗಿನ ಗಾಜನ್ನು ಬೆರಳಿನಿಂದ ಸವರಿದಳು. ಮುಖದೆದುರು ಎತ್ತಿ ಹಿಡಿದಳು. ಎಡಗೆನ್ನೆ ತಿರುಗಿಸಿದಳು, ಬಲಗೆನ್ನೆ ತಿರುಗಿಸಿದಳು. ಆಮೇಲೆ ನಕ್ಕಳು.

"ಇಷ್ಟೇಯಾ ಮಾಮಿ? ಇನ್ನೂ ಜಾಸ್ತಿ ಇರಬಹುದು ಎಂದುಕೊಂಡಿದ್ದೆ. ಪೌಡರ್ ಹಾಕಿದರೆ ಗೊತ್ತೂ ಆಗುವುದಿಲ್ಲ."

ಅಡುಗೆಮನೆಯಿಂದ ಹವ್ವಮ್ಮನ ಅಳು ಕೇಳಿತು. ಎಷ್ಟೋ ದಿನಗಳ ಮೇಲೆ ಹಗುರವಾದ ಅಳು.

ಖತೀಜಮ್ಮ ಹುಡುಗಿಯ ತಲೆ ಸವರಿದರು. ಕೈ ಅಲ್ಲೇ ತುಂಬಾ ಹೊತ್ತು ನಿಂತಿತು.

"ದಣಿದಿದ್ದೀ. ಮಲಗು ಮಗಳೇ," ಎಂದರು ಮೆಲ್ಲಗೆ. "ನಿಕಾಹಿನ ಮಾತು ಇನ್ನೊಮ್ಮೆ ಆಡುವ."

ಆಮೇಲೆ ಅವಳ ಕೈಯಿಂದ ಕಾಬಾದ ಚಿತ್ರವನ್ನು ಬಿಡಿಸಿಕೊಂಡು, ಗೋಡೆಯಲ್ಲಿ ತೂಗುತ್ತಿದ್ದ ಕನ್ನಡಿಯ ಬದಿಗೆ, ಮೊದಲಿದ್ದ ಮೊಳೆಗೇ ಸಿಕ್ಕಿಸಿದರು.