ಅಜ್ಜಿಯ ಜಪ

ಇಸ್ಪೀಟಿನಲ್ಲಿ ಸಣ್ಣ ಎಲೆ ಬಿದ್ದರೆ ಒಂದು ಕೂಡಿಸಿ, ದೊಡ್ಡದು ಬಿದ್ದರೆ ಒಂದು ಕಳೆದು, ಲೆಕ್ಕ ಏರಿದ ಕೂಡಲೇ ಆಟ ಬದಲಿಸುವ ಚಾಲಾಕಿಗಳನ್ನು ಹಿಡಿದು ಹೊರಗಟ್ಟುವುದೇ ಕ್ಯಾಸಿನೋದಲ್ಲಿ ಶಂಭುಲಿಂಗನ ಕೆಲಸ. ಇಪ್ಪತ್ತೊಂದು ದಾಟಿದರೆ ಸೋಲುವ ಆಟದಲ್ಲಿ, ಅಷ್ಟು ಹೊತ್ತೂ ಕೈಯಲ್ಲಿ ಹದಿನಾರಾದರೂ ಇನ್ನೊಂದು ಎಲೆ ಕೇಳುತ್ತಿದ್ದ ಅಜ್ಜಿಯೊಬ್ಬಳು ಈಗ ಪಣ ಇಮ್ಮಡಿಸಿ, ಹದಿನಾರಕ್ಕೇ ಸಾಕೆಂದು ಗೆದ್ದುಬಿಟ್ಟಳು.

“ಯಾಕಜ್ಜಿ, ಆಟ ಬದಲಾಯ್ತು?”

“ಒಳಗಿಂದ ಅಪ್ಪಣೆ ಆಯ್ತಪ್ಪ.”

“ಕೈಯಲ್ಲೇನದು?”

“ಜಪಮಾಲೆ ಕಣೋ. ರಾಮನಾಮ ಬಿಟ್ಟು ನನಗಿನ್ನೇನು ಗೊತ್ತು?”

ಶಂಭುಲಿಂಗ ನಾಚಿ ಕೈಮುಗಿದ. “ನನ್ನ ಹೆಸರಲ್ಲೂ ನಾಲ್ಕು ಮಣಿ ತಿರುಗಿಸಿ.”

“ಆಗಲಿ ಮಗಾ.”

ಎರಡು ಹೆಜ್ಜೆ ಹೋಗಿ ಹಿಂತಿರುಗಿ ನೋಡಿದ. ಮೇಜಿನ ಮೇಲೆ ಐದು ಬಿತ್ತು. ಅಜ್ಜಿಯ ಬೆರಳು ಒಂದು ಮಣಿ ಮುಂದಕ್ಕೆ ಹೋಯಿತು. ರಾಜ ಬಿದ್ದ, ಬೆರಳು ಒಂದು ಮಣಿ ಹಿಂದಕ್ಕೆ ಬಂತು.