ಗಡಗಡ

ಕೊನೆಯ ಸ್ಪ್ರಿಂಗನ್ನು ರಿಸ್ತೆನ್ ಇಕ್ಕಳದಿಂದ ಎಳೆದು ಕೊಕ್ಕೆಗೆ ಸಿಕ್ಕಿಸಿದಳು. ಗಂಡ ಓವ್ಲಾ ಹಿಮಗಾಡಿಗೆ ಹೊರಗಿನಿಂದ ತಂದು ಹಾಕಿದ್ದ ಹೊಗೆಕೊಳವೆ ಚಳಿಗಾಲವಿಡೀ ಗಡಗಡ ಎಂದು ಅಲುಗಾಡಿತ್ತು. ಈಗ ಅದನ್ನು ಸ್ಪ್ರಿಂಗುಗಳಿಂದ ಹಿಡಿದಿಟ್ಟು, ಸುತ್ತ ತಂತಿಯನ್ನೂ ಬಿಗಿದು ಎಂಜಿನ್ ಚಾಲೂ ಮಾಡಿದಳು. ಕೇಳಿಸಿದ್ದು ಬರೀ ಗುರ್ ಎಂಬ ಸದ್ದು.

"ಕೇಳಿಸ್ತಾ? ಇನ್ನು ನಿನ್ನ ತಮ್ಮ 'ಡಬ್ಬಾ ಗಾಡಿ ಬಂತು' ಅಂತ ಹಲ್ಲು ಕಿರಿಯೋ ಹಾಗಿಲ್ಲ," ಎಂದಳು.

"ನನ್ನ ಕೈಲಿ ಆಗದ್ದು ನಿನ್ನ ಕೈಲಿ ಆಯ್ತಲ್ಲ ಮಾರಾಯ್ತಿ!" ಎಂದು ಓವ್ಲಾ ಮೇವಿನ ಮೂಟೆಯನ್ನು ಹಿಂದಿನ ಜಾರುಬಂಡಿಗೆ ಎತ್ತಿ ಹಾಕಿದ.

ಇನಾರಿ ಸರೋವರದ ಕಡೆಯಿಂದ ಬಿರುಗಾಳಿ ಬರುವುದಿತ್ತು. ಅಷ್ಟರೊಳಗೆ ಹಿಮಸಾರಂಗಗಳನ್ನು ಬೇಲಿಯೊಳಗೆ ತರಬೇಕು. ಆದರೆ ಗಾಡಿ ಬಯಲಿಗೆ ಬಂದದ್ದೇ ತಡ, ಇಡೀ ಮಂದೆ ಕಿವಿ ನಿಮಿರಿಸಿ ಬೆನ್ನು ತಿರುಗಿಸಿತು. ಕೊರಳಗಂಟೆಯ ಮುದಿ ಹೆಣ್ಣು ಸಾರಂಗ ಮುಂದೆ, ಉಳಿದವು ಹಿಂದೆ, ಕಾಡಿನತ್ತ ಹೊರಟೇಬಿಟ್ಟವು. ರಿಸ್ತೆನ್ ಕೂಗಿದಳು, ಮೂಟೆಯನ್ನು ಬಡಿದಳು. ಒಂದೂ ತಿರುಗಿ ನೋಡಲಿಲ್ಲ.

"ಗಡಗಡ ಕೇಳಿಸ್ಲಿಲ್ಲ ಅಂತ ಯಾರೋ ಬೇರೆಯವರು ಬಂದ್ರು ಅಂದ್ಕೊಂಡಿವೆ ಕಣೇ," ಎಂದ ಓವ್ಲಾ.

ರಿಸ್ತೆನ್ ಕೆಳಗಿಳಿದು ಬೈದುಕೊಳ್ಳುತ್ತಲೇ ತಂತಿ ಕತ್ತರಿಸಿದಳು. ಬೆಳಗಿನಿಂದ ಗುದ್ದಾಡಿ ಸಿಕ್ಕಿಸಿದ ಸ್ಪ್ರಿಂಗುಗಳಲ್ಲಿ ಎರಡನ್ನು ಕಿತ್ತು ಜೇಬಿಗೆ ಹಾಕಿಕೊಂಡಳು.

"ನಿನ್ನ ತಮ್ಮ ಏನಾದ್ರೂ ಅಂದ್ಕೊಳ್ಳಲಿ. ಇನ್ನು ಇದನ್ನ ಯಾರಾದ್ರೂ ಬಿಗಿದ್ರೋ, ಕೈ ಮುರೀತೀನಿ!"

ಎಂಜಿನ್ ಮತ್ತೆ ಶುರುವಾಯಿತು. ಗಡಗಡ, ಗಡಗಡ. ಮರಗಳ ಮರೆಯಲ್ಲಿ ಕೊರಳಗಂಟೆ ಒಂದು ಗಳಿಗೆ ಸುಮ್ಮನಾಯಿತು. ಆಮೇಲೆ ಅದರ ದನಿ ಹತ್ತಿರವಾಗತೊಡಗಿತು.