ಗರುಡನಿಗೆ ಒಯ್ದ ಹಾಲು

ಟಿಂಚರ್ ವಾಸನೆ ಬಂದರೆ ಈಗಲೂ ನನಗೆ ನೆನಪಾಗುವುದು ಆಸ್ಪತ್ರೆಯಲ್ಲ, ನಲ್ಲೂರಿನ ಹುಣಸೆ ತೋಪಿನ ನೆರಳು.

ತೋಪಿನ ಪಕ್ಕದಲ್ಲೇ ದನದ ಡಾಕ್ಟರ ಮನೆ. ಗಾಯಗೊಂಡ ಹದ್ದು, ಗಿಡುಗ, ಗೂಬೆಗಳು ವಾಸಿಯಾಗುವವರೆಗೆ ಅವರ ಹಿತ್ತಲಿನ ಚಪ್ಪರದಲ್ಲಿರುತ್ತಿದ್ದವು. ಒಂದು ಶನಿವಾರ ಮಧ್ಯಾಹ್ನ ಅಜ್ಜಿ ನನ್ನನ್ನು ಕರೆದುಕೊಂಡು, ರೆಕ್ಕೆ ಮುರಿದ ಗರುಡನನ್ನು ನೋಡಲು ಹೋದಳು. ಅದರ ಎದೆ ಬೆಳ್ಳಗೆ, ಮೈ ಹೊಸ ಹುಣಸೆಹಣ್ಣಿನ ಬಣ್ಣ. ಅಜ್ಜಿ ಕೆನ್ನೆ ಬಡಿದುಕೊಂಡು ಹಾಲಿನ ಚೊಂಬನ್ನು ಮುಂದಿಟ್ಟಳು. ಯಾರೋ ಇಟ್ಟಿದ್ದ ಬಾಳೆಹಣ್ಣುಗಳು ಅಲ್ಲಿ ಆಗಲೇ ಕಪ್ಪಾಗಿದ್ದವು.

“ಎಲ್ರೂ ಹಾಲು ಹಣ್ಣು ತರ್ತೀರ. ಅದು ಉಪವಾಸ ಸಾಯ್ತಾ ಇದೆ ಕಣಮ್ಮ,” ಎಂದರು ಡಾಕ್ಟರು. “ಅದಕ್ಕೆ ಮಾಂಸ ಬೇಕು. ನಾನು ಕೊಟ್ರೆ, ಟಿಂಚರ್ ಹಚ್ಚಿ ಉರಿಸಿದೋನು ಅಂತ ಮುಖ ತಿರುಗಿಸುತ್ತೆ. ನೀವೇ ಕೊಟ್ಟು ನೋಡಿ.”

“ಶನಿವಾರ ಕಣಪ್ಪ! ಸ್ವಾಮಿ ವಾಹನಕ್ಕೆ ಮಾಂಸವಾ?”

ಗರುಡನ ಕಣ್ಣು ಅರ್ಧ ಮುಚ್ಚಿತ್ತು. ಅಜ್ಜಿ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಳು. ಹುಣಸೆ ಎಲೆಗಳು ಸದ್ದಿಲ್ಲದೆ ಅವಳ ಸೆರಗಿನ ಮೇಲೆ ಉದುರುತ್ತಿದ್ದವು.

“ನೀನು ಆ ಕಡೆ ತಿರುಗು ಮಗಾ,” ಎಂದಳು.

ತಿರುಗಿದೆ. ಎದುರಿನ ಗೋಡೆಯ ಮೇಲೆ ನೆರಳು ಬಿದ್ದಿತ್ತು. ಬಳೆಯ ಕೈ ಮೆಲ್ಲಗೆ ಚಾಚಿತು, ಕೊಕ್ಕು ಬಾಗಿತು. “ತಿನ್ನಪ್ಪ, ಇನ್ನೊಂದೇ ತುತ್ತು,” ಎಂದಳು ಅಜ್ಜಿ, ನನಗೆ ಉಣಿಸುವ ದನಿಯಲ್ಲೇ.

ಬರುವಾಗ ತೋಪಿನಲ್ಲಿ ಕೂರಿಸಿ ಹಾಲನ್ನೆಲ್ಲ ನನಗೇ ಕುಡಿಸಿದಳು.

“ಗರುಡಪ್ಪ ಹಾಲು ಕುಡಿದನೇನವ್ವ?” ಮನೆ ಬಾಗಿಲಲ್ಲೇ ಅಪ್ಪ ಕೇಳಿದ.

ಅಜ್ಜಿ ಚೊಂಬನ್ನು ಬೋರಲು ಹಿಡಿದು ತೋರಿಸಿದಳು. “ಒಂದು ತೊಟ್ಟೂ ಬಿಡಲಿಲ್ಲ.”

ನಾನು ತುಟಿ ಒರೆಸಿಕೊಂಡೆ.